ನಾರ್ವೆಗೆ ಹೋದ ನಮ್ಮ ಕೆರೆಯ ಪಟ್ಟಿಗಳು

ನಾರ್ವೆಯಲ್ಲಿ ಇಳಿದಾಗ ಮೊದಲು ಕಂಡದ್ದು ಹಿಮ ಎಂದು ನನಗೆ ಚೆನ್ನಾಗಿ ನೆನಪಿದೆ. ಆದರೆ ನನ್ನ ಫೋನಿನಲ್ಲಿರುವ ಅಲ್ಲಿನ ಮೊದಲ ಚಿತ್ರದಲ್ಲಿ ಬಿಸಿಲಿದೆ, ಒಣಗಿದ ರಸ್ತೆಯಿದೆ, ತೆಳು ಅಂಗಿಯಲ್ಲಿ ಬಾಳೆಹಣ್ಣು ತಿನ್ನುತ್ತಿರುವ ಒಬ್ಬ ಮನುಷ್ಯನಿದ್ದಾನೆ. ಚಿತ್ರ ತೆಗೆದವನು ನಾನೇ. ಆದರೂ ಈಗಲೂ ಕಣ್ಣು ಮುಚ್ಚಿದರೆ ಹಿಮವೇ ಬೀಳುತ್ತದೆ. ಆದ್ದರಿಂದ ಓದುವವರು ಮುಂದಿನದನ್ನು ಸ್ವಲ್ಪ ಜಾಡಿಸಿಕೊಂಡು ಓದುವುದು ಒಳ್ಳೆಯದು.

ವಿಮಾನ ನಿಲ್ದಾಣ

ನಾನು ಬೈಲಹೊಂಗಲದ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುವವನು. ಊರು ಕಟಕೋಳದ ಆಚೆ. ಅಲ್ಲಿ ಈಗ ನನ್ನ ಅಕ್ಕ ನೀಲಕ್ಕ, ಅವಳ ಗಂಡ ಈರಪ್ಪ ಮಾಮಾ ಇದ್ದಾರೆ. ನನ್ನನ್ನು ನಾರ್ವೆಗೆ ಕಳಿಸಿದ್ದು ಊರಿನ ಕೆರೆಯ ಹೂಳು.

ನಮ್ಮಲ್ಲಿ ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಹೂಳು ಹೇರಿ ಹೊಲಕ್ಕೆ ಹಾಕುತ್ತಾರೆ. ಕೆರೆಯ ಯಾವ ಭಾಗ ಯಾರ ಬದುವಿಗೆ ಹತ್ತಿರವೋ ಆ ಭಾಗದ ಹೂಳು ಅವರದು. ಅದಕ್ಕೆ ಜಗಳವಿಲ್ಲ, ಕಾಗದವೂ ಇಲ್ಲ. ಅಕ್ಕನ ಪಾಲು ಕೆರೆಯ ಬಾಯಿ, ಅಂದರೆ ಹಳ್ಳ ಬಂದು ಕೂಡುವ ಜಾಗ. ಹೂಳು ಎಲ್ಲಕ್ಕಿಂತ ದಪ್ಪಗೆ ಕೂಡುವುದು ಅಲ್ಲಿಯೇ. ಅವಳ ಹೊಲ ಮಡ್ಡಿ. ನೇಗಿಲು ಇಳಿಸಿದರೆ ಕಲ್ಲು ಮಾತಾಡುತ್ತದೆ. ಹೂಳು ಬಿದ್ದ ವರ್ಷ ಮಾತ್ರ ಅದು ಹೊಲ.

ಆದರೆ ಹಳ್ಳದ ಮೇಲೆ ಹಿಂದೊಮ್ಮೆ ನೂಲಿಗೆ ಬಣ್ಣ ಹಾಕುವ ಶೆಡ್ಡು ಇತ್ತು. ಈಗ ಗೋಡೆಗಳಷ್ಟೇ ಇವೆ. ಯಾರೋ ಕೆರೆಯ ಮಣ್ಣನ್ನು ಪರೀಕ್ಷೆಗೆ ಕೊಟ್ಟರು. ಪರೀಕ್ಷೆ ಮಾಡಿದವರು ಮಣ್ಣನ್ನು ಕುದಿಸಿ, ಕರಗಿಸಿ, ಅದರಲ್ಲಿದ್ದದ್ದನ್ನೆಲ್ಲ ಎಣಿಸಿ 'ವಿಷವಿದೆ' ಅಂದರು. ಕೆರೆ ಸಮಿತಿ ಹೂಳು ತೆಗೆಯುವುದನ್ನು ನಿಲ್ಲಿಸಿತು. ಅಕ್ಕ ನನಗೆ ಫೋನು ಮಾಡಿ, "ವಿಷಾ ಐತಿ ಅಂತಾರ. ಐತಿ ಖರೇ, ಆದರ ಅದು ಬ್ಯಾಳಿಗೆ ಬರತೈತೋ ಇಲ್ಲೋ? ಅಷ್ಟು ಕಲ್ತೀಯಲ್ಲ, ಹೇಳು," ಅಂದಳು.

ಅದನ್ನೇ ಹೇಳುವ ವಿದ್ಯೆಯೊಂದಿದೆ. ಮಣ್ಣಿನಲ್ಲಿ ಎಷ್ಟು ವಿಷ ಇದೆ ಎನ್ನುವುದು ಒಂದು ಪ್ರಶ್ನೆ, ಮಣ್ಣು ಎಷ್ಟನ್ನು ಹೊರಗೆ ಬಿಡುತ್ತದೆ ಎನ್ನುವುದು ಇನ್ನೊಂದು. ಈರಪ್ಪ ಮಾಮಾನ ಹೊಟ್ಟೆಯಲ್ಲಿ ಎಷ್ಟು ಸಿಟ್ಟಿದೆ ಎಂದು ಅಳೆಯುವುದಕ್ಕೂ ಅದರಲ್ಲಿ ಮನೆಯವರಿಗೆ ಎಷ್ಟು ಸಿಗುತ್ತದೆ ಎಂದು ಅಳೆಯುವುದಕ್ಕೂ ಇರುವ ವ್ಯತ್ಯಾಸ ಇದು. ಎರಡನೆಯದನ್ನು ಅಳೆಯಲು ಸಿಲಿಕೋನ್ ರಬ್ಬರಿನ ತೆಳು ಪಟ್ಟಿಯನ್ನು ಹಸಿ ಮಣ್ಣಿನಲ್ಲಿ ಹುಗಿದು ಒಂದು ತಿಂಗಳಿಗೂ ಹೆಚ್ಚು ಕಾಲ ಬಿಡುತ್ತಾರೆ. ಪಟ್ಟಿ ಏನೂ ಮಾಡುವುದಿಲ್ಲ, ಸುಮ್ಮನೆ ಇರುತ್ತದೆ. ಮಣ್ಣು ಬಿಟ್ಟದ್ದನ್ನಷ್ಟೇ ಹೀರುತ್ತದೆ. ಕುಕ್ಕರಿನ ಗ್ಯಾಸ್ಕೆಟ್ಟಿಗೆ ಬೆಳ್ಳುಳ್ಳಿ ವಾಸನೆ ಹತ್ತುವುದನ್ನು ನೋಡಿದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ವಿದ್ಯಾರ್ಥಿಗಳಿಗೆ ಹೀಗೆ ಹೇಳಿದರೆ ನಗುತ್ತಾರೆ. ಇಂಗ್ಲಿಷಿನಲ್ಲಿ ಹೇಳಿದರೆ ಬರೆದುಕೊಳ್ಳುತ್ತಾರೆ.

ನಾರ್ವೆಯ ಒಂದು ಬಂದರಿನ ಊರಿನಲ್ಲಿ ಇದರ ತರಬೇತಿಯಿತ್ತು. ಬರುವವರಿಗೆ ಪಟ್ಟಿಗಳನ್ನು ಮೊದಲೇ ಅಂಚೆಯಲ್ಲಿ ಕಳಿಸಿದ್ದರು: ನಿಮ್ಮೂರಿನ ಕೆಸರಿನಲ್ಲಿ ಹುಗಿದು, ತೆಗೆದು, ಮೇಲಿನ ಕೆಸರನ್ನು ತೊಳೆಯದೆ ಬೆಳ್ಳಿಹಾಳೆಯಲ್ಲಿ ಸುತ್ತಿ ತನ್ನಿ. ನಾನು ಕೆರೆಯ ಮೂರು ಕಡೆ ಹುಗಿದೆ: ಒಡ್ಡಿನ ಬುಡ, ನಡುವೆ, ಬಾಯಿ. ನಾಲ್ಕನೆಯದನ್ನು ಹುಗಿಯಲಿಲ್ಲ. ಅದರ ಕೆಲಸ ಗಾಳಿಗಷ್ಟೇ ಮೈಯೊಡ್ಡಿ, ನನ್ನ ಚೀಲದಲ್ಲಿ ಎಲ್ಲ ಕಡೆ ಬಂದು, ಏನೂ ಮಾಡದೆ ಮರಳುವುದು. ಪ್ರಯಾಣದಲ್ಲಿ ಬೇರೇನಾದರೂ ಅಂಟಿತೇ ಎಂದು ತಿಳಿಯಲು ಅಂಥ ಒಬ್ಬ ಸಾಕ್ಷಿ ಬೇಕು. ನಮ್ಮ ಕಾಲೇಜಿನಲ್ಲಿಯೂ ಕೆಲವರು ಈ ಹುದ್ದೆಯಲ್ಲಿದ್ದಾರೆ.

ಪಟ್ಟಿಗಳ ಪರೀಕ್ಷೆಯಲ್ಲಿ ಬಂದದ್ದನ್ನು ಒಪ್ಪುತ್ತೇವೆಂದು ಸಮಿತಿ ಹೇಳಿತ್ತು. ಪಟ್ಟಿ ಒಳ್ಳೆಯ ಸುದ್ದಿ ತಂದರೆ ಈ ಬೇಸಿಗೆಯೇ ಹೂಳು.

ಬೆಂಗಳೂರಿನ ನಿಲ್ದಾಣದಲ್ಲಿ ತಪಾಸಣೆಯ ಹೆಂಗಸು ಪೊಟ್ಟಣ ಎತ್ತಿ ಕೇಳಿದಳು, "ಇದೇನು ಸರ್?"

"ಕೆರೆಯ ಕೆಸರಿನಲ್ಲಿ ಇಟ್ಟಿದ್ದ ರಬ್ಬರ್."

"ಯಾಕೆ ಇಟ್ಟಿದ್ರಿ?"

"ಕೆಸರು ಕೆಟ್ಟದ್ದೋ ಒಳ್ಳೆಯದೋ ನೋಡೋಕೆ."

ಅವಳು ಪೊಟ್ಟಣವನ್ನು ಕೆಳಗಿಟ್ಟು ಕೈ ಒರೆಸಿಕೊಂಡಳು. ಪಕ್ಕದ ಶೇಂಗಾ ಚಟ್ನಿಪುಡಿಯ ಡಬ್ಬಿಯನ್ನು ಮಾತ್ರ ಬಹಳ ಹೊತ್ತು ಪರೀಕ್ಷಿಸಿದಳು.

ಬಂದರು

ಊರು ಚಿಕ್ಕದು. ಮನೆಗಳಿಗೆ ಮರದ ಗೋಡೆ, ಗೋಡೆಗಳಿಗೆ ಕೆಂಪು ಬಣ್ಣ, ಬೀದಿಗೆ ಜನರಿಲ್ಲ. ಬಸ್ಸಿನಲ್ಲಿ ಪ್ರತಿಯೊಬ್ಬನೂ ಇಬ್ಬರ ಸೀಟಿನಲ್ಲಿ ಒಬ್ಬನೇ ಕೂತಿದ್ದ. ನಾನು ಹೋಗಿ ಒಬ್ಬ ಮುದುಕನ ಪಕ್ಕ ಕೂತೆ. ಅವನು ಕಿಟಕಿಯ ಕಡೆಗೆ ಇನ್ನಷ್ಟು ಸರಿದು, ಮುಂದಿನ ನಿಲ್ದಾಣದಲ್ಲಿ ಇಳಿದ. ಇಳಿದವನು ಅಲ್ಲೇ ನಿಂತು ಮುಂದಿನ ಬಸ್ಸಿಗೆ ಕಾಯತೊಡಗಿದ್ದು ಕಿಟಕಿಯಲ್ಲಿ ಕಂಡಿತು. ನಮ್ಮ ರಾಮದುರ್ಗ–ಸುರೇಬಾನ ಬಸ್ಸಿನಲ್ಲಿ ಒಬ್ಬನೇ ಕೂತವನನ್ನು "ಯಾಕೋ, ಮೈಯಾಗ ಆರಾಮಿಲ್ಲೇನು?" ಎಂದು ಕೇಳುತ್ತಾರೆ.

ತರಬೇತಿ ಕೊಡುವವಳು ಮಾರಿತ್. ಅರವತ್ತರ ಹತ್ತಿರದ, ತೆಳ್ಳಗಿನ, ಕಡಿಮೆ ಮಾತಿನ ಹೆಂಗಸು. ಬಾಗಿಲಲ್ಲೇ ಕೈ ಕುಲುಕಿ, "ಕಳೆದ ಸಲಕ್ಕೆ ಧನ್ಯವಾದ," ಅಂದಳು.

ಕಳೆದ ಸಲ ಯಾವಾಗ? ಇವಳನ್ನು ನಾನು ನೋಡಿದ್ದೆನೇ? "ನಿಮಗೂ," ಎಂದುಬಿಟ್ಟೆ. ಆಮೇಲೆ ತಿಳಿಯಿತು, ಆ ದೇಶದಲ್ಲಿ ಯಾರನ್ನು ಎರಡನೆಯ ಸಲ ಕಂಡರೂ ಹಿಂದಿನ ಭೇಟಿಗೆ ಧನ್ಯವಾದ ಹೇಳುವುದು ರೂಢಿ. ಅವಳು ಹೇಳಿದ್ದು ನಾವು ಕಂಪ್ಯೂಟರಿನ ಪರದೆಯಲ್ಲಿ ಭೇಟಿಯಾದದ್ದಕ್ಕೆ. ನೆನಪು ಗಟ್ಟಿಯಿರುವ ಜನರು ಮಾಡಿಕೊಂಡ ರೂಢಿ ಇದು. ನನ್ನಂಥವನಿಗೆ ದಿನಾ ಬೆಳಿಗ್ಗೆ ಮೌಖಿಕ ಪರೀಕ್ಷೆ.

ಬೂಟು ಬಿಚ್ಚಿ ಒಳಗೆ ಬರಲು ಹೇಳಿದಳು. ಅಷ್ಟು ದೂರ ಹೋಗಿ ಚಪ್ಪಲಿ ಹೊರಗೆ ಬಿಡುವ ಜನರನ್ನು ಕಂಡು ಸಮಾಧಾನವಾಯಿತು. ನನ್ನ ಕಾಲುಚೀಲದ ತೂತಿಗೂ ಗಾಳಿ ಸಿಕ್ಕಿತು.

ಪೊಟ್ಟಣಗಳನ್ನು ತೆಗೆದುಕೊಳ್ಳುವಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ. "ಹುಗಿಯುವ ಮುಂಚೆ ಪಟ್ಟಿಯನ್ನು ಯಾರಾದರೂ ಮುಟ್ಟಿದ್ದರೇ? ಏನಾದರೂ ತಾಗಿತ್ತೇ?"

"ಇಲ್ಲ," ಅಂದೆ. "ನಾನೇ ಕೈಗವಸು ಹಾಕಿಕೊಂಡು ಹುಗಿದೆ. ಬೇರೆ ಯಾರೂ ಮುಟ್ಟಲಿಲ್ಲ."

ಅದನ್ನು ಹೇಳುವಾಗ ಕೆರೆ ಕಣ್ಣೆದುರಿಗಿತ್ತು. ಮೊಣಕಾಲಿನವರೆಗೆ ಕೆಸರು, ಕೈಯಲ್ಲಿ ಉಕ್ಕಿನ ಚೌಕಟ್ಟು, ಅದರಲ್ಲಿ ಬಿಗಿದ ಬಿಳಿಯ ಪಟ್ಟಿ, ದಂಡೆಯ ಮೇಲೆ ದೂರ ನಿಂತ ಅಕ್ಕ ಮತ್ತು ಮಾಮಾ.

ದೋಣಿ

ಮರುದಿನ ಅವರ ಬಂದರಿನ ಪಟ್ಟಿಗಳನ್ನು ಮೇಲೆತ್ತಲು ದೋಣಿಯಲ್ಲಿ ಹೋದೆವು. ದೋಣಿ ನಡೆಸುವ ಶೆಲ್ ಗಡ್ಡದ ಮನುಷ್ಯ. ಅವರ ಬಂದರಿನ ತಳದಲ್ಲಿಯೂ ಹಳೆಯ ಹಡಗು ಕಟ್ಟೆಯ ಕೊಳೆ ಕೂತಿದೆ. ಆ ಕೊಳೆಯ ಮೇಲೆ ಇದ್ದಿಲ ಪುಡಿ ಬೆರೆಸಿದ ಮಣ್ಣು ಹೊದಿಸಿದ್ದಾರೆ. ಇದ್ದಿಲು ವಿಷವನ್ನು ಬಿಗಿಹಿಡಿದುಕೊಳ್ಳುತ್ತದೆ. ಅದು ನಿಜವಾಗಿ ಹಿಡಿದುಕೊಂಡಿದೆಯೇ ಎಂದು ಪಟ್ಟಿಗಳು ಹೇಳಬೇಕು.

ಶೆಲ್ ಊಟದ ಹೊತ್ತಿಗೆ ರೊಟ್ಟಿಯ ಹೋಳಿನ ಮೇಲೆ ಕಂದು ಬಣ್ಣದ ಚೀಸು ಇಟ್ಟುಕೊಟ್ಟ. ಹೋಳು ಹೋಳಿನ ನಡುವೆ ಒಂದೊಂದು ಕಾಗದ ಇಟ್ಟಿದ್ದ, ಒಂದಕ್ಕೊಂದು ಮೈಲಿಗೆಯಾಗದಂತೆ. ಚೀಸಿನ ರುಚಿ ಬೆಳಗಾವಿಯ ಕುಂದಾಕ್ಕೆ ಯಾರೋ ಕೋಪದಲ್ಲಿ ಉಪ್ಪು ಹಾಕಿದಂತಿತ್ತು. "ಹೇಗಿದೆ?" ಎಂದು ಕೇಳಿದ. "ನಮ್ಮಲ್ಲೂ ಹೆಚ್ಚುಕಡಿಮೆ ಇಂಥದೇ ಇದೆ," ಅಂದೆ. ಅವನು ಸಂತೋಷಪಟ್ಟು ಇನ್ನೊಂದು ಹೋಳು ಕೊಟ್ಟ. ಪ್ರವಾಸದಲ್ಲಿ ಸೌಜನ್ಯಕ್ಕೆ ಇಂಥ ದಂಡ ಕಟ್ಟಬೇಕಾಗುತ್ತದೆ.

ನಾನು ಶೇಂಗಾ ಚಟ್ನಿ ಕೊಟ್ಟೆ. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಸಮುದ್ರವನ್ನು ನೋಡುತ್ತ ನಿಂತ. ಕಣ್ಣಲ್ಲಿ ನೀರಿತ್ತು. "ಗಾಳಿ," ಅಂದ.

ಪ್ರಯೋಗಾಲಯ

ನನ್ನ ಪಟ್ಟಿಗಳ ಕೆಸರನ್ನು ಮಾರಿತ್ ನನ್ನೆದುರಿಗೇ ತೊಳೆದಳು. ಒಡ್ಡಿನ ಬುಡದ್ದು ಬೆಳ್ಳಗೆ ಬಂತು. ನಡುವಿನದು ಬೆಳ್ಳಗೆ. ಬಾಯಿಯದು ಹಳದಿ.

ತಿಳಿ ಹಳದಿಯಲ್ಲ. ಒಳಗಿಳಿದ ಹಳದಿ, ಎರಡು ಮೂರು ಕಡೆ ಬೊಟ್ಟಿನಷ್ಟು ಗಾಢ.

"ಬಣ್ಣದ ಶೆಡ್ಡು ಯಾವ ಕಡೆ ಇತ್ತು ಎಂದಿರಿ?" ಮಾರಿತ್ ಕೇಳಿದಳು.

"ಅದೇ ಕಡೆ."

ಅವಳು ಅದನ್ನು ಬರೆದುಕೊಂಡಳು. ಹಳದಿ ನೂಲಿನ ಬಣ್ಣವಾಗಿದ್ದರೆ ಮಣ್ಣು ಇಷ್ಟು ವರ್ಷಗಳ ಮೇಲೂ ಅದನ್ನು ಬಿಡುತ್ತಿದೆ ಎಂದರ್ಥ. ಅಕ್ಕನ ಪಾಲಿನ ಹೂಳು ಅಲ್ಲಿಗೆ ಮುಗಿಯಿತು. ಬಣ್ಣ ಎಲ್ಲಿಯವರೆಗೆ ಹೋಗಿದೆಯೋ ಎಂದು ಸಮಿತಿ ಇಡೀ ಕೆರೆಯನ್ನೇ ಮುಚ್ಚಿದರೂ ಮುಚ್ಚೀತು.

ಪಟ್ಟಿಗಳ ತುಂಡುಗಳನ್ನು ಶುದ್ಧ ನೀರಿಗೆ ಹಾಕಿದೆವು. ಹೀರಿದ್ದನ್ನು ಪಟ್ಟಿ ಈಗ ನೀರಿಗೆ ಮರಳಿ ಬಿಡುತ್ತದೆ. ಆ ನೀರಿನಲ್ಲಿ ನೀರುಚಿಗಟಗಳನ್ನು, ಸಾಸಿವೆಗಿಂತ ಚಿಕ್ಕ ಜೀವಿಗಳನ್ನು, ಬಿಟ್ಟು ನೋಡುತ್ತಾರೆ. ನನಗೆ ಕೂತು ನೋಡುವುದು ಆಗುವುದಿಲ್ಲ. ಹೊರಗೆ ಹೋಗಿ ಬಂದರಿನ ಕಟ್ಟೆಯ ಮೇಲೆ ಅತ್ತಿತ್ತ ತಿರುಗಿದೆ, ಬಂದು ನೋಡಿದೆ, ಮತ್ತೆ ತಿರುಗಿದೆ. ಅಲ್ಲಿಯವರು ನನ್ನನ್ನು ನೋಡಿ ಯಾವುದೋ ಹಡಗು ತಪ್ಪಿಸಿಕೊಂಡವನೆಂದು ತಿಳಿದಿರಬೇಕು. ಎರಡು ಬಿಳಿಯ ಪಟ್ಟಿಗಳ ನೀರಿನಲ್ಲಿ ಚಿಗಟಗಳು ಸಂತೆಗೆ ಹೊರಟಂತೆ ಓಡಾಡಿಕೊಂಡಿದ್ದವು. ಹಳದಿಯ ನೀರಿನಲ್ಲಿ ಕೆಲವು ತಳದಲ್ಲಿ ಬಿದ್ದಿದ್ದವು.

"ನಿಮ್ಮ ಚೀಲದಲ್ಲಿ ಮಸಾಲೆ ಇತ್ತೇ?" ಎಂದಳು ಮಾರಿತ್.

ಚಟ್ನಿಯ ಡಬ್ಬಿ ನೆನಪಾಗಿ ಒಂದು ಕ್ಷಣ ಆಸೆಯಾಯಿತು. ಆದರೆ ಏನೂ ಮಾಡದ ನಾಲ್ಕನೆಯ ಪಟ್ಟಿ ಅದೇ ಚೀಲದಲ್ಲಿ, ಅದೇ ಡಬ್ಬಿಯ ಪಕ್ಕ ಬಂದಿತ್ತು. ಅದು ಹಾಲಿನಂತೆ ಬೆಳ್ಳಗಿತ್ತು. ಸಾಕ್ಷಿ ಚೀಲದ ಪರವಾಗಿ ನುಡಿಯಿತು.

ಫೋನು

ಅಕ್ಕನಿಗೆ ಫೋನು ಮಾಡಿದೆ. ಮಾಮಾ ಸ್ಪೀಕರಿಗೆ ಹಾಕಿಸಿದ.

"ಅಕ್ಕಾ, ಬಾಯಿ ಕಡೆ ಹುಗಿದದ್ದು ಹಳದಿ ಆಗೇತಿ. ಹುಗಿಯೋ ಮುಂದ ಅದನ್ನ ಯಾರರ ಮುಟ್ಟಿದ್ರೇನು?"

"ಹಳದಿ ಆಗದ ಏನಾಗತೈತಿ?" ಅಂದಳು ಅಕ್ಕ. "ಅರಿಷಿಣ ಹಚ್ಚಿದ್ನೆಲ್ಲೋ."

"ಯಾವಾಗ?"

"ಯಾವಾಗ ಅಂದ್ರ! ನೀ ಹುಗಿಯೋದಕ್ಕ ಮದಲ. ನಮ್ಮ ಪಾಲಿನ ನೀರಾಗ ಹೊಸಾದ್ದು ಒಂದು ಇಳಸೂ ಮುಂದ ಬರೇ ಹಂಗ ಇಳಸ್ತಾರೇನು? ಅರಿಷಿಣ ಹಚ್ಚಿ ಗಂಗವ್ವಗ ಕೈ ಮುಗದೆ. ಹರಿವಾಣ ಹಿಡಕೊಂಡಾಂವ ನೀನ."

"ನಾನು?"

"ಮತ್ತ್ಯಾರು, ನಾರ್ವೆದಾಂವ ಬಂದಿದ್ದನೇನು? 'ಲಗೂ ಮಾಡ ಅಕ್ಕಾ' ಅಂತ ಒಂದೇ ಸವನ ಗಡಿಬಿಡಿ. ಆಮ್ಯಾಲೆ ಹರಿವಾಣ ಕೊಟ್ಟು ಕೈಗೆ ಆ ಬಿಳೀ ಚೀಲ ಏರಿಸಿಕೊಂಡಿ."

"ಉಳಿದ ಎರಡಕ್ಕ ಯಾಕ ಹಚ್ಚಲಿಲ್ಲ?"

"ಅವು ನಮ್ಮ ಪಾಲಲ್ಲಲ್ಲೋ. ಮಂದಿ ನೀರಿಗೆ ನಾ ಯಾಕ ಯಜಮಾನಕಿ ಮಾಡಲಿ?"

ಅಕ್ಕನ ಉತ್ತರ ಎಲ್ಲದಕ್ಕೂ ಹೊಂದುತ್ತಿತ್ತು. ಅದೇ ನನಗೆ ತೊಂದರೆಯಾದದ್ದು. ಹೂಳು ಬೇಕಾದವಳು ಅವಳು. ಹಳದಿ ಶೆಡ್ಡಿನದಲ್ಲ ಎನ್ನುವ ಸಾಕ್ಷಿಯೂ ಅವಳೇ. ನಂಬಲು ಬಯಸುವವನು ನಾನು. ನನ್ನ ನೆನಪಿನಲ್ಲಿ ಹರಿವಾಣವಿಲ್ಲ. ಅಕ್ಕ ದೂರ ದಂಡೆಯ ಮೇಲಿದ್ದಾಳೆ, ನನ್ನ ಕೈಯಲ್ಲಿ ಚೌಕಟ್ಟಿದೆ. ಆದರೆ ಅದೇ ನೆನಪಿನಲ್ಲಿ ನಾರ್ವೆಯಲ್ಲಿ ಹಿಮವೂ ಬಿದ್ದಿತ್ತು.

ಮತ್ತೆ ಪ್ರಯೋಗಾಲಯ

ಮಾರಿತ್‌ಗೆ ಹೇಳಿದೆ: ಯಾರೂ ಮುಟ್ಟಲಿಲ್ಲ ಎಂದಿದ್ದೆನಲ್ಲ, ನನ್ನ ಅಕ್ಕ ಬೇರೆ ಹೇಳುತ್ತಾಳೆ.

"ನೀವು ಯಾರನ್ನು ನಂಬುತ್ತೀರಿ?"

"ಇಬ್ಬರನ್ನೂ ನಂಬುವುದಿಲ್ಲ."

ಅವಳು ತಲೆಯಾಡಿಸಿದಳು. ಇಡೀ ತರಬೇತಿಯಲ್ಲಿ ನನಗೆ ಸಿಕ್ಕ ಮೆಚ್ಚುಗೆ ಇದೊಂದೇ.

ಅರಿಶಿಣಕ್ಕೆ ಸುಣ್ಣ ಬಿದ್ದರೆ ಕೆಂಪಾಗುತ್ತದೆ ಎನ್ನುವುದು ಆರತಿ ನೋಡಿದ ಮಗುವಿಗೂ ಗೊತ್ತು. ಹಳದಿ ಪಟ್ಟಿಯ ಒಂದು ಮೂಲೆ ಕತ್ತರಿಸಿ ಸ್ಪಿರಿಟ್ಟಿನಲ್ಲಿ ನೆನೆಸಿದೆ. ಹಳದಿ ಇಳಿಯಿತು. ವಾಷಿಂಗ್ ಸೋಡಾ ಕರಗಿಸಿದ ನೀರನ್ನು ಒಂದು ಹನಿ ಬಿಟ್ಟೆ. ಆರತಿಯ ನೀರಿನಂತೆ ಕೆಂಪಾಯಿತು.

ಮಾರಿತ್ ಬಗ್ಗಿ ನೋಡಿದಳು. "ಚೆನ್ನಾಗಿದೆ. ಆದರೆ ಸೋಡಾಕ್ಕೆ ಬಣ್ಣ ಬದಲಿಸುವ ಬೇರೆ ಹಳದಿಗಳೂ ಇವೆ."

ಉಳಿದದ್ದನ್ನು ಯಂತ್ರಕ್ಕೆ ಕೊಟ್ಟಳು. ಯಂತ್ರ ಮರುದಿನದವರೆಗೆ ಯೋಚಿಸಿ, ಅರಿಶಿಣವೇ ಅಂದಿತು. ಅಂದರೆ ಅಂದು ಹರಿವಾಣ ಹಿಡಿದವನೂ ನಾನೇ ಇರಬೇಕು. ಒಬ್ಬ ಮನುಷ್ಯನ ಎರಡು ಕೈಗಳು ಎಲ್ಲಿದ್ದವು ಎಂದು ತಿಳಿಯಲು ಅಷ್ಟು ದೊಡ್ಡ ಯಂತ್ರವನ್ನು ಅದಕ್ಕೆ ಮೊದಲು ಯಾರೂ ಬಳಸಿರಲಾರರು.

ಗೆದ್ದೆನೆಂದುಕೊಂಡೆ. ಮಾರಿತ್ ಬೂಟು ಹಾಕಿಕೊಳ್ಳುತ್ತ ಹೇಳಿದಳು, "ಈಗ ಈ ಪಟ್ಟಿ ಏನನ್ನೂ ಹೇಳುವುದಿಲ್ಲ. ಚಿಗಟಗಳು ಅರಿಶಿಣದಿಂದ ಬಿದ್ದವೋ ಕೆರೆಯಿಂದಲೋ ಗೊತ್ತಿಲ್ಲ. ಅರಿಶಿಣದ ಕೆಳಗೆ ಶೆಡ್ಡಿನ ಬಣ್ಣವೂ ಇರಬಹುದು, ಇಲ್ಲದೆಯೂ ಇರಬಹುದು. ಉಳಿದ ಎರಡು ಒಳ್ಳೆಯವು. ಅಲ್ಲಿಯ ಮಣ್ಣು ವಿಷವನ್ನು ಬಿಗಿಯಾಗಿ ಹಿಡಿದಿದೆ, ಹೊರಗೆ ಬಿಡುತ್ತಿಲ್ಲ. ಆ ಎರಡರ ಬಗ್ಗೆ ನಾನು ಸಹಿ ಮಾಡುತ್ತೇನೆ. ಮೂರನೆಯದಕ್ಕೆ ಹೊಸ ಪಟ್ಟಿ ಕೊಡುತ್ತೇನೆ."

ಅಂದರೆ ಕೆರೆಯ ನಡುವಿನ, ಒಡ್ಡಿನ ಕಡೆಯ ಪಾಲುದಾರರೆಲ್ಲ ಈ ಬೇಸಿಗೆಯೇ ಹೂಳು ಹೇರಬಹುದು. ಪರೀಕ್ಷೆ ಬೇಕೆಂದು ನನಗೆ ಫೋನು ಮಾಡಿದವಳು ಮಾತ್ರ ಹೇರುವಂತಿಲ್ಲ. ಹೊಸ ಪಟ್ಟಿ ತಿಂಗಳು ದಾಟಿ ಮಲಗಿ ಏಳುವಷ್ಟರಲ್ಲಿ ಮಳೆ ಬಂದಿರುತ್ತದೆ.

ಫೋನಿನಲ್ಲಿ ಇದನ್ನು ಹೇಳಿದಾಗ ಮೊದಲು ಮಾತಾಡಿದವನು ಮಾಮಾ.

"ಏ ಮಾಸ್ತರಾ, ಮೂರೂ ಛಲೋ ಅದಾವ ಅಂದುಬಿಡಲಾ. ಎರಡು ಛಲೋ ಅದಾವ ಅಂದ ಮ್ಯಾಲೆ ಮೂರನೇದ್ದು ಎಲ್ಲಿಗೆ ಹೋಗತೈತಿ? ನಾರ್ವೆ ಮಂದಿ ಕಟಕೋಳಕ್ಕ ಬಂದು ನೋಡ್ತಾರೇನು?"

"ಗೊತ್ತಿಲ್ಲದ್ದನ್ನ ಹೆಂಗ ಹೇಳಲಿ ಮಾಮಾ?"

"ನಿನಗ ಗೊತ್ತಿದ್ದದ್ದರ ಯಾವುದಪಾ? ಹರಿವಾಣ ಹಿಡಿದದ್ದ ಗೊತ್ತಿದ್ದಿಲ್ಲ!"

ಅವನ ಹಿಂದೆ ಎಮ್ಮೆಯೂ ಕೂಗಿತು.

"ಸುಮ್ನ ಕುಂದರ್ರಿ ನೀವು," ಎಂದಳು ಅಕ್ಕ ಗಂಡನಿಗೆ. ಆಮೇಲೆ ನನಗೆ: "ತಮ್ಮಾ, ಖರೇ ಹೇಳು. ಆ ಹುಳಾ ಸತ್ತದ್ದು ನನ್ನ ಅರಿಷಿಣಕ್ಕೋ, ಮಣ್ಣಿಗೋ?"

"ಗೊತ್ತಿಲ್ಲ ಅಕ್ಕಾ. ಖರೇನ ಗೊತ್ತಿಲ್ಲ."

"ಹಂಗಾರ ಮಂದಿ ತಗೊಂಡ ಹೋಗ್ಲಿ. ನಮ್ಮದು ಹಂಗ ಇರ್ಲಿ. ಗೊತ್ತಿಲ್ಲದ ಮಣ್ಣಾಗ ಬೆಳದದ್ದನ್ನ ಮದಲ ತಿನ್ನಾವ್ರು ನಾವ ಅಲ್ಲೇನು."

ಹೊರಡುವ ದಿನ ಶೆಲ್ ಕಂದು ಚೀಸಿನ ಒಂದು ಇಡೀ ಗಟ್ಟಿಯನ್ನು ನನಗೆ ಕೊಟ್ಟ. ಮಾರಿತ್ ಹೊಸ ಪಟ್ಟಿಗಳ ಡಬ್ಬಿ ಕೊಟ್ಟು, ಇನ್ನು ಮುಂದೆ ಎಲ್ಲ ದೇಶದವರಿಗೂ ಒಂದು ಪ್ರಶ್ನೆ ಹೆಚ್ಚು ಕೇಳುತ್ತೇನೆ ಅಂದಳು. "ಯಾರಾದರೂ ಮುಟ್ಟಿದ್ದರೇ ಎಂದು ಕೇಳಿದರೆ ಸಾಲದು. ಯಾರಾದರೂ ಇದಕ್ಕೆ ಮರ್ಯಾದೆ ಮಾಡಿದ್ದರೇ ಎಂದು ಕೇಳಬೇಕು."

ಯರಗಟ್ಟಿಯ ಮೇಲೆ ಊರಿಗೆ

ಯರಗಟ್ಟಿಯಲ್ಲಿ ಬಸ್ಸು ಬದಲಿಸಿದೆ. ಇಬ್ಬರ ಸೀಟಿನಲ್ಲಿ ಮೂರನೆಯವನಾಗಿ ಕೂತೆ. ತೊಡೆಯ ಮೇಲೆ ಯಾರದೋ ಬದನೆಕಾಯಿ ಚೀಲ. ಪಕ್ಕದವನು ನನ್ನ ಡಬ್ಬಿಯಲ್ಲೇನಿದೆ, ಅದನ್ನು ಎಲ್ಲಿಂದ ತಂದೆ, ಅಲ್ಲಿ ಜೋಳ ಬೆಳೆಯುತ್ತಾರೋ ಇಲ್ಲವೋ ಎಲ್ಲ ಕೇಳಿ ಮುಗಿಸುವಷ್ಟರಲ್ಲಿ ಊರು ಬಂತು.

ಕೆರೆಯಲ್ಲಿ ಟ್ರ್ಯಾಕ್ಟರುಗಳು ಓಡಾಡುತ್ತಿದ್ದವು. ಒಡ್ಡಿನ ಕಡೆಯ ಮಣ್ಣು ಹೊಲಗಳಿಗೆ ಹೋಗುತ್ತಿತ್ತು. ಸಮಿತಿಯವರು ಅಕ್ಕನ ಪಾಲಿನ ಸುತ್ತ ಗೂಟ ಹೊಡೆದು ನೂಲಿನ ಹಗ್ಗ ಕಟ್ಟಿದ್ದರು. ಹೇರು ಹೊಡೆಯುತ್ತಿದ್ದ ಒಬ್ಬ, "ನೀಲವ್ವಕ್ಕಾ, ನಿನ್ನ ಪುಣ್ಯೇದಿಂದ ನಮಗ ಹೂಳ ಬಂತು ನೋಡವಾ!" ಎಂದು ಕೂಗಿದ. "ಹೌದಪಾ, ನಂದ ನಾ ಇನ್ನೂ ತಿಕ್ಕಿ ತೊಳ್ಯಾಕ ಹತ್ತೇನಿ," ಎಂದಳು ಅಕ್ಕ. ಅವಳ ಮಡ್ಡಿ ಹೊಲ ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿತ್ತು.

ಬಾಯಿಯ ಹತ್ತಿರ ಊರ ಬಚ್ಚಲ ನೀರು ಹರಿದು ಕೆಸರು ಇನ್ನೂ ಹಸಿಯಿತ್ತು. ಕೈಗವಸು ಹಾಕಿಕೊಂಡು ಚೌಕಟ್ಟನ್ನು ಇಳಿಸಿದೆ. ಅಕ್ಕ ಹಗ್ಗದ ಆಚೆ ನಿಂತು, ಪೂಜೆಯ ಸಾಮಾನು ನೆಲಕ್ಕಿಟ್ಟು, ಅಲ್ಲಿಂದಲೇ ಕೆರೆಗೆ ಕೈಮುಗಿದಳು. ಮುಗಿಸಿ ಹಗ್ಗದ ಹತ್ತಿರ ಬಂದು ನಾನು ಮೇಲೇರುವುದನ್ನು ಕಾದಳು. ನಾನು ಕೈಗವಸು ಬಿಚ್ಚುತ್ತ ಅವಳಿಗೆ ನಾರ್ವೆಯ ಬಸ್ಸಿನ ಮುದುಕನ ಕಥೆ ಹೇಳತೊಡಗಿದೆ. ಚೀಸಿನ ಕಥೆ ಹೇಳಿದೆ. ಆ ಚೀಸನ್ನು ಮಾಮಾ ಸಾಬೂನೆಂದು ತಿಳಿದಿದ್ದನ್ನು ಅವಳು ಹೇಳಿದಳು. ಇಬ್ಬರೂ ಬದುವಿನ ಮೇಲೆ ನಡೆದು ಮನೆಯ ಹತ್ತಿರ ಬಂದೆವು.

ಬಾಗಿಲಲ್ಲಿ ಅವಳು ನಿಂತಳು.

"ತಮ್ಮಾ, ಈಗ ನಿನ್ನ ಕೈಯಾಗ ಏನೈತಿ?"

"ಏನೂ ಇಲ್ಲ," ಅಂದೆ.

"ನೋಡಿಕೊ."

ನೋಡಿಕೊಂಡೆ. ಹರಿವಾಣವಿತ್ತು.